ಬೆಡಗು

ಓಟ್ಸ್ ಗಂಜಿ ಹೆಪ್ಪುಗಟ್ಟಿದ ಗಾಜಿನ ತಟ್ಟೆಯಲ್ಲಿ
ಎರಡು ಬೂಷ್ಟು ಎದುರುಬದುರು ಕೂರಿಸಿದ್ದೇನೆ.
ಒಂದು, ಗುಡಿಬಂಡೆಯ ರಾಗಿ ತೆನೆಯ ಕತ್ತಿನಿಂದ ಕೆರೆದದ್ದು,
ಇನ್ನೊಂದು ಬಾಗೇಪಲ್ಲಿ ದಾರಿಯ ಯಾರದೋ ಹೊಲದ್ದು.
ರೈತರ ಬಾಯಲ್ಲಿ ಎರಡೂ ಬೆಂಕಿ ರೋಗವೇ,
ಮಸೂರದ ಕೆಳಗೂ ಒಂದೇ ಮುಖ.

ನಮ್ಮ ಚಿಂತಾಮಣಿ ಲ್ಯಾಬಿನಲ್ಲಿ
ತಟ್ಟೆ ತೊಳೆಯುವ ಮುನಿಲಕ್ಷ್ಮಮ್ಮ
ಊರಲ್ಲಿ ಸಂಬಂಧ ಕೂಡಿಸುವವಳು.
"ಇದ್ರಲ್ಲಿ ಗಂಡ್ಯಾವ್ದು?"
ಗಂಡಿಲ್ಲ, ಹೆಣ್ಣಿಲ್ಲ. ಎರಡು ಬಣ, ಅಷ್ಟೆ.
ತನ್ನ ಬಣದೊಳಗೆ ಕೂಡುವುದಿಲ್ಲ.
"ಹಂಗಾದ್ರೆ ಬೆಡಗು ಅನ್ನು."

ನನ್ನ ಪುಸ್ತಕದಲ್ಲಿ ಆ ಪದ ಇರಲಿಲ್ಲ.
ಅಂದಿನಿಂದ ಚೀಟಿಯ ಮೇಲೆ ಅದನ್ನೇ ಬರೆದೆ.

ವರ್ಣತಂತುವಿನಲ್ಲಿ ಅದರದು ಗೇಣುದ್ದವೂ ಅಲ್ಲದ ಜಾಗ.
ಅಲ್ಲಿ ಕೂತ ವಂಶವಾಹಿ ತಾನೇನೂ ಕಟ್ಟುವುದಿಲ್ಲ;
ಯಾವುದು ಬಾಯಿ ಬಿಡಬೇಕು, ಯಾವುದು ಮುಚ್ಚಬೇಕು
ಎಂದು ಉಳಿದವಕ್ಕೆ ಹೇಳುತ್ತದೆ.
ತನ್ನ ಕೂಗು ತನಗೆ ಕೇಳಿಸದು,
ಎದುರು ಬೆಡಗಿನ ಕೂಗಿಗಷ್ಟೇ ಕಿವಿ.

ಮದುವೆಗೆ ಮಾತ್ರ ಅದು, ಅಂದುಕೊಂಡಿದ್ದೆ.
ಹೋದ ವರ್ಷ ಅದೊಂದನ್ನು ಕಿತ್ತು ನೋಡಿದರೆ
ಒಂಟಿ ಬೂಷ್ಟಿನ ಬಣ್ಣವೇ ಬೇರೆ,
ಬೀಜಕ ಕಡಿಮೆ, ಅಂಚು ಸೊಟ್ಟ.
ಜೊತೆಯ ಸುಳಿವೇ ಇಲ್ಲದ ದಿನಗಳಲ್ಲೂ
ಒಳಗೆ ಏನೇನನ್ನೋ ಓದಿಸುತ್ತಿತ್ತು ಅದು,
ಕೆಲವನ್ನು ಜೋರಾಗಿ,
ಕೆಲವನ್ನು ತುಟಿಯಲ್ಲೇ.

ಇಪ್ಪತ್ತೊಂದನೆಯ ದಿನ.
ಮೂರನೇ ತಟ್ಟೆಯಲ್ಲಿ ಏನೂ ಇಲ್ಲ,
ಬೂಷ್ಟುಗಳು ಮುಟ್ಟಿಕೊಂಡು ಸುಮ್ಮನಿವೆ.
ಹೋಗಿ ಬಂದು ಮಾಡಿದ ಕರೆಂಟನ್ನು ಬೈದೆ.
ಮುನಿಲಕ್ಷ್ಮಮ್ಮ ಕಿಟಕಿಗೆ ಹಿಡಿದು ನೋಡಿ
"ಅಣ್ತಮ್ಮಂದ್ರನ್ನ ಕೂರ್ಸಿದ್ದೀಯ ಕಣಮ್ಮ" ಅಂದಳು.
ದಾಖಲೆ ತೆಗೆದೆ. ಹೌದು.
ಚೀಟಿ ತಪ್ಪಾಗಿತ್ತು, ಕೈಬರಹ ನನ್ನದೇ.

ಉಳಿದವುಗಳ ನಡುವೆ ಕಪ್ಪು ಗೆರೆ:
ಗಸಗಸೆಗಿಂತ ಸಣ್ಣ ಕರಿಕಾಳು,
ಒಂದೊಂದಕ್ಕೂ ಉದ್ದ ಕೊಕ್ಕು.
ಒಂದನ್ನು ಒಡೆದು ಮಸೂರಕ್ಕಿಟ್ಟು ಕರೆದೆ.
ಚೀಲ ಚೀಲದಲ್ಲೂ ಎಂಟು ಮಕ್ಕಳು.

"ಎಂಟೂ ಅಪ್ಪನ ಬೆಡಗೇಯಾ?"

ಇಲ್ಲ. ನಾಲ್ಕು ಈ ಕಡೆ, ನಾಲ್ಕು ಆ ಕಡೆ.

ಅವಳು ಕಣ್ಣು ತೆಗೆಯಲಿಲ್ಲ.
ಹೆತ್ತದ್ದು ಐದು. ಐದಕ್ಕೂ ಗಂಡನ ಬೆಡಗು;
ತನ್ನದನ್ನು ಧಾರೆಯ ದಿನವೇ
ತವರಿನ ಹೊಸ್ತಿಲಲ್ಲಿ ಬಿಟ್ಟು ಬಂದಿದ್ದಳು.

"ನಾಲ್ಕು" ಅಂದಳು, ನನಗಲ್ಲ.

ಆಮೇಲೆ ಕುಕ್ಕರಿನಲ್ಲಿ ಬೇಯಿಸಿ ಎಸೆಯಬೇಕಾದ
ತಟ್ಟೆಗಳನ್ನೆಲ್ಲ ಬುಟ್ಟಿಗೆ ಹಾಕಿದಳು,
ಆ ಒಂದನ್ನು ಮಾತ್ರ
ಸೆರಗಿನಿಂದ ಒರೆಸಿದ ಕಿಟಕಿಕಟ್ಟೆಯ ಮೇಲಿಟ್ಟು.