ಪೆನ್ಸಿಲಿನಲ್ಲಿ ಬರೆದ ಐದು

ನರೀನ್ ಎಂಬ ಊರು, ಹೊಳೆಗೂ ಅದೇ ಹೆಸರು.
ಜನವರಿಯಲ್ಲಿ ಹೊಳೆ ಮಾತು ನಿಲ್ಲಿಸುತ್ತದೆ,
ಊರು ಕೆಮ್ಮುತ್ತದೆ ಕಲ್ಲಿದ್ದಲ ಹೊಗೆಗೆ.

ಬುಧವಾರ ಮೂರನೆಯ ಪೀರಿಯಡ್ಡು, ಏಳನೆಯ ತರಗತಿಗೆ
'ಅದೆಪ್'. ಕಿರ್ಗಿಜ್ ಮಾತಿನಲ್ಲಿ ನೀತಿಪಾಠಕ್ಕೆ ಹಾಗೆನ್ನುತ್ತಾರೆ.
ನಮ್ಮ ಅದಬಿಗೆ ದೂರದ ದಾಯಾದಿ:
ಯಾವುದೋ ಕಾಲದಲ್ಲಿ ಒಂದೇ ಒಂಟೆ ಹತ್ತಿ ಹೊರಟು
ಒಬ್ಬ ಬಡಗಣಕ್ಕೆ, ಒಬ್ಬ ತೆಂಕಣಕ್ಕೆ ತಿರುಗಿರಬೇಕು.

ಬುರುಲ್ಚಾ ಟೀಚರು, ಮಕ್ಕಳ ಬಾಯಲ್ಲಿ 'ಎಜೆ', ಅಂದರೆ ಅಕ್ಕ,
ಬೂಟಿನ ಹಿಮ ಕೊಡವಿ ಒಳಬಂದು
ಒಲೆಗೆ ಬೆನ್ನು ಕಾಯಿಸುತ್ತ ಪ್ರಶ್ನೆ ಹೇಳಿದರು:
"ಪ್ರಾಮಾಣಿಕತೆ ಎಂದರೇನು? ಮೂರು ವಾಕ್ಯ ಸಾಕು."
ಅಷ್ಟರಲ್ಲಿ ಯಾರೋ ಕರೆದರು, ಹೋದರು.

ಮೂರು ವಾಕ್ಯ!
ಉಲುಕ್‌ಮಾನನಿಗೆ ಒಂದೂ ಹೊಳೆಯಲಿಲ್ಲ.
ಕುದುರೆಯ ಹಲ್ಲು ನೋಡಿ ವಯಸ್ಸು ಹೇಳಬಲ್ಲ ಹುಡುಗ,
ಮೋಡ ನೋಡಿ ಮಂದೆಯನ್ನು ಯಾವ ಮಗ್ಗುಲಿಗೆ ಹೊಡೆಯಬೇಕೆಂದು ಬಲ್ಲ.
ನೆಲಕ್ಕೆ ಬಿದ್ದ ರೊಟ್ಟಿಚೂರನ್ನೆತ್ತಿ
ಮುತ್ತಿಟ್ಟು ಹಣೆಗೊತ್ತಿಕೊಳ್ಳುವುದನ್ನು
ಯಾವ ಪುಸ್ತಕವೂ ಅವನಿಗೆ ಕಲಿಸಿರಲಿಲ್ಲ.
ಹಾಳೆ ಮಾತ್ರ ಬೆಳ್ಳಗೆ, ಹೊರಗಿನ ಬಯಲಿನ ಹಾಗೆ.

ಪಕ್ಕದಲ್ಲಿ ಸೆಝಿಮ್. ಅವಳ ಮೊಣಕೈ ತುಸು ಸರಿಯಿತು.
ಸರಿಸಿದಳೋ, ಸರಿಯಿತೋ,
ಅದನ್ನು ಅವಳು ಇವತ್ತಿಗೂ ಹೇಳಿಲ್ಲ.
ಅವನು ಬರೆದ, ಮೂರೂ ವಾಕ್ಯ, ಚುಕ್ಕೆ ಬಿಡದೆ.

ಐದಕ್ಕೆ ಐದು. ಅವಳಿಗೂ ಐದು.

ಓದು ಬಾರದ ಅಜ್ಜಿ ಆ ಪುಟದ ಮೇಲೆ ಬೆರಳಾಡಿಸಿದಳು,
ಪಕ್ಕದ ಮನೆಯವರನ್ನು ಕರೆದು ತೋರಿಸಿದಳು,
ಮೊಮ್ಮಗನ ಜೇಬಿಗೆ ಒಂದು ಹಿಡಿ ಕುರುತ್ ತುಂಬಿದಳು.
ಒಣಮೊಸರಿನ ಉಪ್ಪುಂಡೆ.
ಬಾಯಲ್ಲಿಟ್ಟರೆ ಕರಗಲೊಲ್ಲದು,
ಉಗಿದರೆ ಅಜ್ಜಿಯ ಮುಖ.

ಒಂಬತ್ತನೆಯ ದಿನ ಶಾಲೆ ಬಿಟ್ಟ ಮೇಲೆ
ಎಜೆ ಒಲೆಯ ಬೂದಿ ಎಳೆಯುತ್ತಿದ್ದರು.
"ಆ ಮೂರು ವಾಕ್ಯ ನನ್ನವಲ್ಲ" ಎಂದ.
ಅವರು ಬೈಯಲಿಲ್ಲ. ಕೈ ಒರೆಸಿಕೊಂಡು ಹಾಜರಿ ಪುಸ್ತಕ ತೆರೆದರು.
ಎಲ್ಲರ ಅಂಕಗಳೂ ಇಂಕಿನಲ್ಲಿ,
ಎರಡು ಐದುಗಳು ಮಾತ್ರ ಪೆನ್ಸಿಲಿನಲ್ಲಿ.
"ಒಂದೇ ಪದದಲ್ಲಿ ಇಬ್ಬರಿಗೂ ಒಂದೇ ಅಕ್ಷರ ಬಿದ್ದುಹೋಗಿತ್ತು."
"ಎಷ್ಟು ದಿನ ಕಾಯುತ್ತಿದ್ದಿರಿ?"
"ಪೆನ್ಸಿಲು ಮಾಸುವ ತನಕ."

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು,
ಪಠ್ಯಪುಸ್ತಕದಲ್ಲಿ ಅಚ್ಚು ಹಾಕಬಹುದಿತ್ತು.
ಆದರೆ ಕರೆಸಿದಾಗ ಸೆಝಿಮ್ ಕಿವಿಯ ತನಕ ಕೆಂಪಾಗಿ
"ನನ್ನವೂ ಅಲ್ಲ" ಎಂದಳು.
ಮರುದಿನ ಅಣ್ಣನ ಹಳೆಯ ನೋಟ್‌ಬುಕ್ಕು ತಂದಳು,
ಎರ್ಮೆಕ್, ಏಳನೆಯ ತರಗತಿ, ನಾಲ್ಕು ವರ್ಷದ ಹಿಂದಿನದು.
ಬೋರ್ಡಿನಿಂದ ಬರೆದುಕೊಂಡ ಅದೇ ಮೂರು ವಾಕ್ಯ,
ಅದೇ ಪದ, ಅದೇ ಅಕ್ಷರದ ಖಾಲಿ ಜಾಗ,
ಕೆಳಗೆ ಕೆಂಪು ಶಾಯಿಯ ರೈಟು ಗುರುತು.
ಎಜೆಯದೇ.

"ನೆನಪಿಲ್ಲ" ಎಂದರು ಕನ್ನಡಕ ತೆಗೆದು.
ಒಲೆಯಲ್ಲಿ ಕೆಂಡ ಕುಸಿದ ಸದ್ದು.
ಕನ್ನಡಕ ಮತ್ತೆ ಹಾಕಿಕೊಂಡು,
"ನೆನಪಿದೆ. ಆ ಚಳಿಗಾಲ ಅಮ್ಮ ಆಸ್ಪತ್ರೆಯಲ್ಲಿದ್ದಳು.
ಬೋರ್ಡು ತುಂಬಿಸಿ ಓಡುತ್ತಿದ್ದೆ.
ಬಿಟ್ಟುಹೋದದ್ದು ಸಂಜೆ ಹೊಳೆದಿತ್ತು.
ಒಂದು ಅಕ್ಷರ ತಾನೆ, ಯಾರು ನೋಡುತ್ತಾರೆ ಅಂದುಕೊಂಡೆ."

ಬಿಟ್ಟ ಅಕ್ಷರಕ್ಕೂ ಕ್ಷಯವಿಲ್ಲ ನೋಡಿ.
ಕೈಯಿಂದ ಕೈಗೆ, ಅಣ್ಣನಿಂದ ತಂಗಿಗೆ,
ಹಿಮದಲ್ಲಿ ಕುರಿಯೊಂದರ ಹೆಜ್ಜೆಯೊಳಗೆ ಕುರಿ ಹೆಜ್ಜೆಯಿಟ್ಟಂತೆ.

ಮುಂದಿನ ಬುಧವಾರ ಆ ಪದವನ್ನು ದೊಡ್ಡದಾಗಿ ಬರೆದರು,
ತಪ್ಪಾಗಿಯೇ.
ಆಮೇಲೆ ನೀಲಿ ಸೀಮೆಸುಣ್ಣದಲ್ಲಿ
ನಡುವೆ ಇಕ್ಕಟ್ಟಾಗಿ ಆ ಒಂದು ಅಕ್ಷರ.
ಹೇಗಾಯಿತೆಂದು ಹೇಳಿದರು. ಯಾರೂ ನಗಲಿಲ್ಲ,
ಹಿಂದಿನ ಬೆಂಚಿನ ಒಬ್ಬ ನಕ್ಕ, ಅವರೂ ನಕ್ಕರು.
ಹಾಜರಿ ಪುಸ್ತಕದ ಕೊನೆಯಲ್ಲಿ ತಮ್ಮ ಹೆಸರು ಬರೆದು
ಎರಡು ಅಂಕ ಹಾಕಿಕೊಂಡರು, ಇಂಕಿನಲ್ಲಿ.

ಉಲುಕ್‌ಮಾನನಿಗೆ ಹೊಸ ಹಾಳೆ: "ಮೂರು ವಾಕ್ಯ, ನಿನ್ನವೇ."
ಗಂಟೆ ಬಾರಿಸುವ ಹೊತ್ತಿಗೆ ಅವನು ಬರೆದದ್ದು ಒಂದೇ:
'ಅಜ್ಜಿಗೆ ಇನ್ನೂ ಹೇಳಿಲ್ಲ.'

ಎಜೆ ಓದಿದರು.
ಅಂಕ ಹಾಕಲಿಲ್ಲ.
ಪೆನ್ಸಿಲು ಚೂಪು ಮಾಡಿ
ಪುಸ್ತಕದೊಳಗೆ ಇಟ್ಟುಕೊಂಡರು.