ಸಂದಿನ ಲೆಕ್ಕ

ಮೊದಲು ಕೈ ಒರಸಿಕೋ ದಾವಲಾ.
ಎಣ್ಣೆಬೆರಳಲ್ಲಿ ಪಿಂಗಾಣಿ ಮುಟ್ಟಿದರೆ
ಕಿಡಿ ನಿನ್ನ ಬೆರಳಚ್ಚು ಹಿಡಿದು ಹೊರಗಿಂದಲೇ ಇಳಿದುಹೋಗುತ್ತದೆ,
ಒಳಗೆ ಸಿಲಿಂಡರು ಹಸಿದು ಕೂತಿರುತ್ತದೆ.

ಆರು ಪ್ಲಗ್ಗು. ಬಿಚ್ಚಿದ ಸಾಲಿನಲ್ಲೇ ಇಡು, ಮೊಟ್ಟೆಯ ಟ್ರೇಯಲ್ಲಿ.
ಒಂದು ಅತ್ತಿತ್ತ ಆದರೂ
ಯಾವ ಕೋಣೆಯ ಕಥೆ ಯಾರ ಬಾಯಿಂದ ಕೇಳಿದೆವು
ಅನ್ನುವುದೇ ತಪ್ಪಿಹೋಗುತ್ತದೆ.

ಈಗ ನೋಡು, ವೈದ್ಯ ನಾಲಗೆ ನೋಡಿದ ಹಾಗೆ.
ಬಿಸ್ಕತ್ತಿನ ಬಣ್ಣ ಇದ್ದರೆ ಹೊಟ್ಟೆ ಸರಿಯಿದೆ.
ಮಸಿ ಹಿಡಿದಿದ್ದರೆ ಉಂಡದ್ದು ಹೆಚ್ಚಾಗಿದೆ.
ಸುಣ್ಣದಂತೆ ಬಿಳಿ, ಜ್ವರ.
ಭೂತಗನ್ನಡಿ ತಗೋ. ಐದನೆಯದರ ಮೂತಿಯಲ್ಲಿ
ಸಾಸಿವೆಗಿಂತ ಸಣ್ಣ ಮಿರಿಮಿರಿ ಚುಕ್ಕೆ ಕಂಡಿತೇ?
ಅದು ಪಿಸ್ಟನ್ನಿನ ಮೈ. ಕರಗಿ ಹಾರಿದ್ದು.

ಹೋದ ಶುಕ್ರವಾರದಿಂದ ಗಾಡಿ ಮುಟ್ಟೇ ಇಲ್ಲ, ವಲ್ಲಾಹಿ,
ಅಂತ ಈಸಾ ಹೇಳಿದ್ದಾನೆ.
ಪ್ಲಗ್ಗು ಹೇಳುತ್ತಿದೆ: ನಿನ್ನೆ ರಾತ್ರಿ,
ಸಾದಾ ಪೆಟ್ರೋಲಿನಲ್ಲಿ,
ಯಾರಿಗೋ ತೋರಿಸಲಿಕ್ಕೆ, ಮೂರು ಸಲ.
ಸಲ್ಮಾಬಾದಿನ ಈ ಶೆಡ್ಡಿನಲ್ಲಿ ನಾವು ಯಾರನ್ನೂ ಸುಳ್ಳ ಅನ್ನುವುದಿಲ್ಲ.
ಒಂದು ನಂಬರು ತಣ್ಣನೆಯ ಪ್ಲಗ್ಗು ಆರು, ಬಿಲ್ಲಿಗೆ ಸೇರಿಸುತ್ತೇವೆ.

ಊರಲ್ಲಿ ನಾನು ಡೀಸೆಲ್ಲಿನವ.
ಹರಿಹರದಲ್ಲಿ ಹನ್ನೊಂದು ವರ್ಷ ಲಾರಿಯ ಪಂಪು ಕಟ್ಟಿದೆ.
ಅಲ್ಲಿ ಕಿಡಿಯೇ ಬೇಡ,
ಒತ್ತಿದರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ.
ಒತ್ತಡ ಹೆಚ್ಚಾದರೆ ಕಿಡಿ ಆರಿಹೋಗುತ್ತದೆ ಅನ್ನುವುದನ್ನು
ಇಲ್ಲಿಗೆ ಬಂದು ಕಲಿತೆ.
ಟರ್ಬೊ ಊದುವ ಊದಿಗೆ ಯಾವ ದೀಪ ನಿಲ್ಲುತ್ತದೆ ಹೇಳು.
ಅದಕ್ಕೇ ಸಂದು ಕಿರಿದು ಮಾಡುವುದು,
ಬಿರುಗಾಳಿಯಲ್ಲಿ ಬೀಡಿ ಹಚ್ಚುವವ
ಅಂಗೈ ಗೂಡು ಮಾಡಿದ ಹಾಗೆ.

ಕಂಪನಿ ಕೊಟ್ಟದ್ದು ಇಂಚಿನ ಸಾವಿರ ಪಾಲಿನಲ್ಲಿ ನಲವತ್ತು.
ಮೂವತ್ತಕ್ಕೆ ಕೆಮ್ಮಿತು.
ಇಪ್ಪತ್ತಾರಕ್ಕೆ ಕೊನೆಯ ನೂರು ಮೀಟರಿನಲ್ಲಿ
ಒಂದೇ ಒಂದು ಸಲ ತೊದಲಿತು.
ಇವತ್ತು ಇಪ್ಪತ್ತೆರಡು.

ನೆಲಕ್ಕೆ ಕುಟ್ಟಬೇಡವೋ! ಮೆಲ್ಲಗೆ.
ಗೇಜಿನ ಎಲೆ ತೂರಿಸು. ಜಾರಲೂ ಬಾರದು, ಕಚ್ಚಲೂ ಬಾರದು,
ಹೊಸ ನೋಟಿನ ಕಟ್ಟಿನಿಂದ ಒಂದೇ ನೋಟು ಎಳೆದ ಹಾಗೆ ಬರಬೇಕು.
ನನಗೀಗ ಎಲೆಯ ಮೇಲಿನ ಅಂಕಿ ಕಾಣುವುದಿಲ್ಲ.
ಎಳೆತ ಗೊತ್ತಾಗುತ್ತದೆ.

ಬರೆದುಕೋ. ನಮ್ಮ ಅಂಕಿಯಲ್ಲೇ ಬರಿ: ೨೨.
ಎದುರು ಗ್ಯಾರೇಜಿನ ತ್ರಿಶೂರಿನವನು ಚಹಾದ ನೆಪದಲ್ಲಿ ಬಂದು
ಈ ಪುಸ್ತಕದ ಫೋಟೋ ಹೊಡೆದುಕೊಂಡು ಹೋಗಿ ನಾಲ್ಕು ತಿಂಗಳಾಯಿತು,
ಇನ್ನೂ ಕೇಳುತ್ತಾನೆ, ಮಾಟವೋ ಲೆಕ್ಕವೋ ಅಂತ.
ಓದಬಲ್ಲವನು ಒಬ್ಬನೇ, ಟೈರಿನಂಗಡಿಯ ಕಡಪದ ಹುಡುಗ;
ಅವರ ಅಂಕಿ ನಮ್ಮ ಅಂಕಿ ದಾಯಾದಿಗಳು.
ದಿನಕ್ಕೊಂದು ಪರೋಟ ಕೊಡಿಸಿ ಅವನ ಬಾಯಿ ಕಟ್ಟಿದ್ದೇನೆ.

*

ಸಖೀರಿನಲ್ಲಿ ನಮ್ಮ ಜಾಗ ಬೇಲಿಯಾಚೆ.
ಇದ್ದ ಒಂದು ಪಾಸು ಈಸಾನ ಮಾವನ ಮಗನ ಕೊರಳಲ್ಲಿ.
ನೀನು ದೀಪದ ಕಂಬ ನೋಡುತ್ತಿದ್ದೆ,
ಹಳದಿ, ಹಳದಿ, ಹಸಿರು.
ನಾನು ಕಣ್ಣು ಮುಚ್ಚಿಕೊಂಡಿದ್ದೆ.
ಹೊಸ ಮಲ್ಲು ಬಟ್ಟೆ ಹರಿದ ಸದ್ದು, ಆ ತುದಿಯವರೆಗೂ,
ಎಲ್ಲೂ ದಾರ ಸಿಕ್ಕಿಕೊಳ್ಳದೆ.

ಎಂಟು ಸೆಕೆಂಡು, ಮೇಲೆ ನೂರರಲ್ಲಿ ಹತ್ತೊಂಬತ್ತು.
ಹೋದ ಸಲಕ್ಕಿಂತ ಒಂಬತ್ತು ಕಮ್ಮಿ.
ಈಸಾ ಬಗ್ಗಿ ಹೊಸ ಟೈರಿಗೆ ಮುತ್ತಿಟ್ಟ.
ಇಡಲಿ.

ನನ್ನ ಮಾತು ಒಂದನ್ನು ಉಳಿಸಿದ್ದ, ಪುಣ್ಯಾತ್ಮ:
ಗೆರೆ ದಾಟಿದ ಕೂಡಲೇ ಕೀಲಿ ತಿರುವಿ
ಸತ್ತ ಎಂಜಿನ್ನಿನಲ್ಲೇ ಪೆಟ್ರೋಲನ್ನು ಉರುಳಲು ಬಿಟ್ಟಿದ್ದ.
ಪೆಟ್ರೋಲ್ ಅಂದೆನೇ? ಪ್ಯಾಟ್ರೋಲ್. ಆ ನಿಸಾನು. ನಿದ್ದೆಗೆಟ್ಟ ನಾಲಗೆ.
ಹಾಗೆ ನಿಲ್ಲಿಸಿದರೇ
ಓಟದ ಕೊನೆಯ ಉಸಿರು ಪ್ಲಗ್ಗಿನ ಮೇಲೆ ಇದ್ದ ಹಾಗೇ ಉಳಿಯುತ್ತದೆ,
ಆಮೇಲೆ ಬಂದ ಹೊಗೆ ಅದನ್ನು ತಿದ್ದುವುದಿಲ್ಲ.

ತಾ ಇತ್ತ, ಐದನೆಯದು. ದೀಪ ಹತ್ತಿರ ಹಿಡಿ.
ಬಿಸ್ಕತ್ತು. ಚುಕ್ಕೆ ಇಲ್ಲ.
ಹಳೆಯದನ್ನು ಎಸೆಯಬೇಡ, ಹಾಲಿನ ಪುಡಿಯ ಡಬ್ಬಿಗೆ ಹಾಕು,
ತಾರೀಖಿನ ಚೀಟಿ ಸುತ್ತಿ.
ಅವನು ಕೇಳುವುದಿಲ್ಲ, ಆದರೂ.

ಕೈ ತೊಳಿ ಇನ್ನು. ಎರಡೂವರೆಯಾಯಿತು.
ಬೆಳಗ್ಗೆ ಏಳಕ್ಕೆ ಮೇಡಮ್ಮಿನ ಕೊರೊಲ್ಲಾ ಬರುತ್ತದೆ,
ಆಯಿಲ್ ಬದಲಿಸಬೇಕು.