ಐದು ಗ್ರಾಂ ಚಿಲ್ಲರೆ

ವೆಂಟೆಯ ಮೂಲೆಯಲ್ಲಿ, ನೆಲ ಮುಗಿದು ನೀರು ಶುರುವಾಗುವಲ್ಲಿ,
ಸೆಪ್ಟೆಂಬರಿನ ಕಡೆಯ ವಾರ, ಆರನೇ ತರಗತಿಯ ನಾವು
ಮೂಗು ಒರೆಸಿಕೊಳ್ಳುತ್ತ ಹಕ್ಕಿ ತೂಗಲು ನಿಂತಿದ್ದೆವು.
ಅಕ್ಷರ ದುಂಡಗಿದೆಯೆಂದು ಪೆನ್ಸಿಲ್ ನನ್ನ ಪಾಲಿಗೆ ಬಂತು.

ಬಲೆಗೆ ಬಿದ್ದವನ ಹೆಸರು ನಿಕ್ಷ್ಟುಕಸ್,
ಹೆಬ್ಬೆರಳಿನಷ್ಟವನು.
ನೆತ್ತಿಯ ಮೇಲೊಂದು ಹಳದಿ ಗೆರೆ,
ಅದನ್ನು ಬಿಟ್ಟರೆ ಬರೀ ಪುಕ್ಕ, ಬರೀ ಗಾಬರಿ.
ಕಾಲಿಗೆ ಉಂಗುರ ತೊಡಿಸಿ, ಡಾಂಗುವೊಲೆ
ಅವನನ್ನು ತಲೆಕೆಳಗಾಗಿ ಫಿಲ್ಮ್ ಡಬ್ಬಿಗೆ ಇಳಿಸುತ್ತಿದ್ದಳು,
'ಕತ್ತಲಾದರೆ ಸುಮ್ಮನಾಗುತ್ತಾನೆ, ನಿಮ್ಮ ಹಾಗಲ್ಲ' ಎನ್ನುತ್ತ.

ತಕ್ಕಡಿ ಮೂರು.
ಹಳೆಯದು ಒಂದೇ ಮನೆ ತೋರಿಸಿ ಬಾಯಿ ಮುಚ್ಚುವುದು.
ಇನ್ನೊಂದು ಎರಡು ಮನೆಯದು.
ಮೂರನೆಯದು ನಮ್ಮ ಶಾಲೆಯ ಲ್ಯಾಬಿನದು, ಹೊಸ ಹುರುಪಿನದು,
ಕೇಳದಿದ್ದರೂ ಸಾವಿರದಲ್ಲೊಂದು ಪಾಲಿನವರೆಗೆ ಹೇಳುವುದು.

ನಾನು ಬರೆದದ್ದು ಇಷ್ಟು:
೫,೬
೫,೪೮
೫,೫೦೫
೫,೦೬
೫,೫

ನಮ್ಮಲ್ಲಿ ಚುಕ್ಕಿಯಿಲ್ಲ, ಅಲ್ಪವಿರಾಮ.
ಇಡಿಯದನ್ನು ಹೇಳಿ, ಒಂದುಸಿರು ನಿಂತು,
ಆಮೇಲೆ ಚಿಲ್ಲರೆ ಎಣಿಸುವ ಹಾಗೆ.

ಹಗುರದಿಂದ ಭಾರಕ್ಕೆ ಸಾಲು ಹಚ್ಚಿ, ಎಂದಳು.
ಉಗ್ನಿಯುಸ್ ನನ್ನ ಹೆಗಲ ಮೇಲಿಂದಲೇ ತೀರ್ಪು ಕೊಟ್ಟ:
ಐನೂರ ಐದೇ ದೊಡ್ಡಣ್ಣ, ಆಮೇಲೆ ನಲವತ್ತೆಂಟು,
ಆರು, ಸೊನ್ನೆ ಆರು ಅವಳಿಜವಳಿ,
ಬರೀ ಐದು ಎಲ್ಲರಿಗಿಂತ ಬಡಪಾಯಿ.

ಅವಳು ನಗಲಿಲ್ಲ.
ಅವನ ಎರಡು ಕೈಗೂ ಒಂದೊಂದು ಬಟ್ಟೆಚೀಲ ಕೊಟ್ಟಳು.
ಒಂದರೊಳಗೆ, ಮೈಗಿಂತ ಬಾಲವೇ ಉದ್ದವಾದ ಪುಟಾಣಿ,
ಬಾಲದ ತುದಿ ಚೀಲದಾಚೆ ಇಣುಕುತ್ತಿತ್ತು.
ಇನ್ನೊಂದರೊಳಗೆ, ಮರದಿಂದ ತಲೆ ಕೆಳಗಾಗಿ ಇಳಿಯುವ
ಮೋಟುಬಾಲದ ದಡಿಯ.
ಯಾವುದು ಭಾರ?
ಇದು, ಎಂದ, ಮೋಟನನ್ನು ಎತ್ತಿ ತೋರಿಸಿ.
ಹಾಗಾದರೆ ಬಾಲ ನೋಡಿ ತೂಗಬೇಡ.

ಎಡದಿಂದ ಬಾ. ಐದು ಎಲ್ಲರಿಗೂ ಇದೆ, ಅದರ ಮೇಲೆ ಜಗಳವಿಲ್ಲ.
ಅಲ್ಪವಿರಾಮ ದಾಟು, ಮೊದಲ ಮನೆಯ ಕದ ತಟ್ಟು:
ಆರು, ನಾಲ್ಕು, ಐದು, ಸೊನ್ನೆ, ಐದು.
ಎಲ್ಲಿ ಬೇರೆಯಾದವೋ ಅಲ್ಲೇ ತೀರ್ಮಾನ.
ಹಿಂದಿನ ಮನೆಯವರು ಎಷ್ಟು ಕೂಗಿದರೂ ಅದು ಬದಲಾಗದು.
ಸೊನ್ನೆಯೂ ಒಂದು ಮನೆ ಹಿಡಿದೇ ಕೂತಿದೆ, ನೋಡು,
ಆರನ್ನು ಒಳಕೋಣೆಗೆ ತಳ್ಳಿ.
ಕೊನೆಗೆ ಬೇಕಾದರೆ ಸೊನ್ನೆ ಹಚ್ಚಿಕೋ, ೫,೬೦೦ ಅನ್ನು.
ಖಾಲಿ ಕುರ್ಚಿ ಹಾಕಿದರೆ ನೆಂಟರು ಹೆಚ್ಚುವುದಿಲ್ಲ.

ಉಗ್ನಿಯುಸನ ಕಿವಿ ಕೆಂಪಾಗಿತ್ತು. ಚಳಿಗೂ ಇರಬಹುದು.

ನನಗೆ ನೆನಪಿರುವುದು ಮಾತ್ರ ಬೇರೆ:
ಲ್ಯಾಬಿನ ತಕ್ಕಡಿಯ ಕೊನೆಯ ಅಂಕಿ
ನಿಂತಲ್ಲಿ ನಿಲ್ಲಲೊಲ್ಲದು.
ಮೂರು, ಏಳು, ನಾಲ್ಕು, ಐದು.
ಗಾಳಿಯಾ? ಎಂದೆ.
ಕಿಟಕಿ ಮುಚ್ಚಿದೆ, ಎಂದಳು. ಅದು ಅವನ ಎದೆ.

ಸಾಲು ಹಚ್ಚುತ್ತ ಬಂದೆ. ೫,೦೬. ೫,೪೮.
ಆಮೇಲಿನ ಇಬ್ಬರ ಜಗಳ ಮೂರನೇ ಮನೆಯವರೆಗೂ ಹೋಯಿತು:
೫,೫೦೦, ೫,೫೦೫. ಗೆದ್ದವನು ಐದರಿಂದ ಗೆದ್ದ.
ಕೊನೆಗೆ ೫,೬, ಎಲ್ಲರಿಗಿಂತ ಭಾರದವನು.

ಲೆಕ್ಕಕ್ಕೆ ಸರಿ, ಎಂದ ಉಗ್ನಿಯುಸ್, ತಡೆದು ತಡೆದು.
ಆದರೆ ಹಳೇ ತಕ್ಕಡಿ ಐದೂವರೆಗೇ ಬಾಯಿ ಮುಚ್ಚಿತಲ್ಲ,
ಅದು ನುಂಗಿದ್ದು ಎಷ್ಟು?
೫,೫೪ ಇದ್ದಿದ್ದರೆ?

ಡಾಂಗುವೊಲೆ ಕನ್ನಡಕ ಹಣೆಗೇರಿಸಿ
ಮೊದಲ ಸಲ ಅವನನ್ನು ಪೂರ್ತಿ ನೋಡಿದಳು.
ಇನ್ನೊಮ್ಮೆ ತೂಗೋಣವೆಂದು ತಿರುಗಿದರೆ ಡಬ್ಬಿ ಖಾಲಿ.
ಸ್ಕೈಸ್ತೆ ಆಗಲೇ ಹೊರಗೆ ಹೋಗಿ
ಅಂಗೈ ಬಿಚ್ಚಿದ್ದಳು.

ಅವೆರಡರ ನಡುವೆ ಹೆಬ್ಬೆರಳಗಲ ಜಾಗ ಬಿಟ್ಟು
ಪುಟ ತಿರುವಿದೆ.
ಡಾಂಗುವೊಲೆ ತಿದ್ದಲಿಲ್ಲ.